ಒರೆಸುವ ಕೈಗೆ ಕಣ್ಣಿದ್ದರೆ...

ಆಯುಧಪೂಜೆಯ ಬೆಳಿಗ್ಗೆ ಕರ್ನಾಟಕದ ಯಾವ ಊರಿನ ಯಾವ ಬೀದಿಗೆ ಹೋದರೂ ಕಾಣುವ ನೋಟ ಒಂದೇ. ಮನೆಯ ಮುಂದೆ ಮಿಂದು ನಿಂತ ಕಾರು, ಮುಂಭಾಗಕ್ಕೆ ಚೆಂಡುಹೂವಿನ ಹಾರ, ಎರಡೂ ಪಕ್ಕಕ್ಕೆ ಬಾಳೆಕಂದು, ಬಾನೆಟ್ಟಿನ ಮೇಲೆ ವಿಭೂತಿ ಕುಂಕುಮ, ಗಾಲಿಗಳ ಅಡಿಯಲ್ಲಿ ನಿಂಬೆಹಣ್ಣು. ಮಂಗಳಾರತಿಯಾಗಿ, ಬೂದುಗುಂಬಳ ಒಡೆದು, ನಿಂಬೆಹಣ್ಣು ಅಪ್ಪಚ್ಚಿಯಾಗಿ, ಕಾರು ಒಂದು ಸುತ್ತು ಹೋಗಿ ಬಂದರೆ ಹಬ್ಬ ಮುಗಿಯಿತು. ಮರುದಿನದಿಂದ ಅದೇ ಕಾರು ಮೈತುಂಬ ಧೂಳು ಹೊತ್ತು, ಅರೆಗಾಳಿಯ ಟೈರುಗಳ ಮೇಲೆ ಓಡತೊಡಗುತ್ತದೆ. ಮುಂದಿನ ನವರಾತ್ರಿಯವರೆಗೆ ಅದನ್ನು ತಿರುಗಿ ನೋಡುವವರಿಲ್ಲ.

ಹಾಗೆ ಮಾಡದ ಒಂದು ಪಂಗಡವೂ ಎಲ್ಲ ಊರಿನಲ್ಲಿದೆ. ಭಾನುವಾರ ಬೆಳಿಗ್ಗೆ ಲುಂಗಿ ಎತ್ತಿ ಕಟ್ಟಿ, ಒಂದು ಬಕೆಟ್ಟು, ಎರಡು ಬಟ್ಟೆ ಹಿಡಿದು ಕಾರಿನ ಸುತ್ತ ಸುಳಿದಾಡುವವರು ಇವರು. ಮನೆಯವರ ಕಣ್ಣಿಗೆ ಇದು ಹುಚ್ಚು. ‘ಆ ಕಾರಿಗೆ ಮಾಡುವ ಉಪಚಾರದಲ್ಲಿ ಕಾಲುಭಾಗ ಮನೆಗೆ ಮಾಡಿದ್ದರೆ...’ ಎಂಬ ಮಾತು ಅಡುಗೆಮನೆಯಿಂದ ಕೇಳಿಬರುವುದೂ ಉಂಟು. ಆದರೆ ಈ ಹುಚ್ಚಿನಲ್ಲಿ ವಿಜ್ಞಾನವಿದೆ, ಉಳಿತಾಯವಿದೆ. ಎಲ್ಲಕ್ಕಿಂತ ಹೆಚ್ಚಾಗಿ, ಕಾರಿನಲ್ಲಿ ಕೂರುವವರ ಜೀವದ ಕಾಳಜಿ ಇದೆ. ಕಾರನ್ನು ಕೈಯಾರೆ ಒರೆಸುವವನು ಕಾರನ್ನು ನೋಡುತ್ತಾನೆ. ಟೈರಿಗೆ ಹೊಕ್ಕ ಮೊಳೆ, ನೆಲದ ಮೇಲೆ ಬಿದ್ದ ಎಣ್ಣೆಯ ಹನಿ, ಸೀಳಿದ ವೈಪರ್ ರಬ್ಬರು ಮೊದಲು ಕಾಣುವುದು ಅವನ ಕಣ್ಣಿಗೇ. ತೊಳೆಯುವುದು ಒಂದು ನೆಪ, ಪರೀಕ್ಷೆಯೇ ಅದರ ನಿಜವಾದ ಫಲ.

ಕೈಗೆ ಎಟುಕುತ್ತಿದ್ದ ಕಾರುಗಳು

ಒಂದು ಕಾಲಕ್ಕೆ ಕಾರಿನ ಮಾಲೀಕ ಅರ್ಧ ಮೆಕ್ಯಾನಿಕ್ ಆಗಿರಲೇಬೇಕಿತ್ತು. ಅಂಬಾಸಡರ್ ಅಥವಾ ಪ್ರೀಮಿಯರ್ ಪದ್ಮಿನಿಯ ಬಾನೆಟ್ ಎತ್ತಿದರೆ ಒಳಗೆ ಸಾಕಷ್ಟು ಖಾಲಿ ಜಾಗ. ಪ್ಲಗ್, ಪಾಯಿಂಟು, ಕಾರ್ಬುರೇಟರು, ರೇಡಿಯೇಟರು ಎಲ್ಲವೂ ಕಣ್ಣಿಗೆ ಕಾಣುವಂತೆ, ಕೈಗೆ ಸಿಗುವಂತೆ ಇರುತ್ತಿದ್ದವು. ಡಿಕ್ಕಿಯಲ್ಲಿ ನಾಲ್ಕು ಪಾನಾ, ಒಂದು ಫ್ಯಾನ್ ಬೆಲ್ಟು, ಒಂದು ಕ್ಯಾನ್ ನೀರು ಇಲ್ಲದೆ ದೂರದ ಊರಿಗೆ ಹೊರಡುವ ಧೈರ್ಯವನ್ನು ಯಾರೂ ಮಾಡುತ್ತಿರಲಿಲ್ಲ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಾಗ ಮಧ್ಯಮ ವರ್ಗದ ಮನೆಯ ಮುಂದೂ ಕಾರು ನಿಂತಿತು. 796 ಸಿಸಿಯ, ಮೂರು ಸಿಲಿಂಡರಿನ ಆ ಪುಟ್ಟ ಎಂಜಿನ್ ಮೂವತ್ತು ವರ್ಷ ಈ ದೇಶದ ರಸ್ತೆಗಳನ್ನು ಆಳಿತು. ಪದ್ಮಿನಿಯ ತಯಾರಿಕೆ ಹೊಸ ಶತಮಾನದ ಹೊಸ್ತಿಲಲ್ಲೇ ನಿಂತಿತ್ತು. 2014ರ ಜನವರಿಯಲ್ಲಿ ಮಾರುತಿ 800, ಅದೇ ವರ್ಷದ ಮೇ ತಿಂಗಳಲ್ಲಿ ಅಂಬಾಸಡರ್ ಕೂಡ ತಯಾರಿಕೆಗೆ ಮಂಗಳ ಹಾಡಿದವು.

ಇಂದಿನ ಕಾರುಗಳ ಬಾನೆಟ್ ಎತ್ತಿದರೆ ಕಾಣುವುದು ಪ್ಲಾಸ್ಟಿಕ್ ಮುಚ್ಚಳ. ಒಳಗಿನ ದೋಷವನ್ನು ಹೇಳಲು ಕಂಪ್ಯೂಟರ್ ಬೇಕು. ಹಾಗಾಗಿ ‘ನಮ್ಮ ಕೈಯಲ್ಲೇನಿದೆ? ಸರ್ವಿಸ್ ಸೆಂಟರಿಗೆ ಬಿಟ್ಟರಾಯಿತು’ ಎಂದು ಬಹುಪಾಲು ಮಾಲೀಕರು ಕೈಕಟ್ಟಿ ಕೂತಿದ್ದಾರೆ. ಆದರೆ ಸರ್ವಿಸ್ ನಡೆಯುವುದು ವರ್ಷಕ್ಕೊಮ್ಮೆಯೋ ಹತ್ತು ಸಾವಿರ ಕಿಲೋಮೀಟರಿಗೊಮ್ಮೆಯೋ. ಕಾರು ಓಡುವುದು ಪ್ರತಿದಿನ. ಆ ಎರಡು ಸರ್ವಿಸುಗಳ ನಡುವಿನ ದಿನಗಳೆಲ್ಲ ಮಾಲೀಕನವೇ. ಧೂಳು, ನೀರು, ಎಣ್ಣೆ, ಗಾಳಿ, ಬೆಳಕು, ಈ ಐದರ ಮೇಲ್ವಿಚಾರಣೆ ಈಗಲೂ ಅವನ ಕೈಯಲ್ಲೇ ಇದೆ.

ಕೂದಲೆಳೆಗಿಂತ ತೆಳುವಾದ ಕವಚ

ಕಾರಿನ ಬಣ್ಣ ಒಂದೇ ಪದರವಲ್ಲ. ಉಕ್ಕಿನ ತಗಡಿನ ಮೇಲೆ ತುಕ್ಕು ತಡೆಯುವ ಲೇಪ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಕ್ಲಿಯರ್ ಕೋಟ್ ಎಂಬ ಬಣ್ಣವಿಲ್ಲದ ಪಾರದರ್ಶಕ ಪದರ. ಹೊಳಪೆಲ್ಲ ಈ ಕೊನೆಯ ಪದರದ್ದು. ಇದರ ದಪ್ಪ ಸುಮಾರು 40ರಿಂದ 50 ಮೈಕ್ರಾನ್. ಮನುಷ್ಯನ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪವಿರುತ್ತದೆ. ಅಂದರೆ ಕಾರಿನ ಸೌಂದರ್ಯವನ್ನೂ ಬಣ್ಣದ ಆಯುಷ್ಯವನ್ನೂ ಕಾಯುತ್ತಿರುವುದು ಕೂದಲೆಳೆಗಿಂತ ತೆಳುವಾದ ಒಂದು ಪೊರೆ!

ಇನ್ನು ಧೂಳಿನ ಕಡೆ ನೋಡಿ. ನಮ್ಮ ರಸ್ತೆಯ ಧೂಳಿನಲ್ಲಿ ಸ್ಫಟಿಕದ, ಅಂದರೆ ಸಿಲಿಕಾದ ಕಣಗಳು ಹೇರಳ. ಖನಿಜಗಳ ಗಡಸುತನವನ್ನು ಅಳೆಯುವ ಮೋಸ್ ಮಾನದಲ್ಲಿ ವಜ್ರಕ್ಕೆ 10, ಸ್ಫಟಿಕಕ್ಕೆ 7, ಕಿಟಕಿಯ ಗಾಜಿಗೆ ಸುಮಾರು ಐದೂವರೆ. ಧೂಳಿನ ಕಣ ಗಾಜನ್ನೇ ಗೀರಬಲ್ಲದು ಎಂದ ಮೇಲೆ ಬಣ್ಣದ ಪಾಡೇನು? ಬೆಳಿಗ್ಗೆ ಎದ್ದವರು ಒಣಬಟ್ಟೆಯಿಂದ ಬರಬರನೆ ಉಜ್ಜಿದಾಗ ಆಗುವುದು ಶುಚಿಯಲ್ಲ, ಮರಳುಕಾಗದದ ಕೆಲಸ. ಬಿಸಿಲಿನಲ್ಲಿ ಕಾರಿನ ಮೈಮೇಲೆ ಜೇಡರಬಲೆಯಂತೆ ಸುತ್ತು ಸುತ್ತಾಗಿ ಕಾಣುವ ಗೀರುಗಳು ಹುಟ್ಟುವುದು ಹೀಗೆ.

ಬಲ್ಲವರು ಅನುಸರಿಸುವ ಕ್ರಮ ಸರಳ. ಕಾರು ನೆರಳಿನಲ್ಲಿರಬೇಕು, ಮೈ ತಣ್ಣಗಿರಬೇಕು. ಮೊದಲು ನೀರು ಚಿಮುಕಿಸಿ ಧೂಳನ್ನು ನೆನೆಸಿ ಇಳಿಸಬೇಕು. ಆಮೇಲೆ ಎರಡು ಬಕೆಟ್: ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಪ್ರತಿ ಬಾರಿ ಬಟ್ಟೆಯನ್ನು ಬರೀ ನೀರಿನಲ್ಲಿ ಜಾಲಿಸಿ, ಮಣ್ಣು ಬಿಟ್ಟ ಮೇಲೆಯೇ ಶಾಂಪೂ ನೀರಿಗೆ ಅದ್ದಬೇಕು. ಒರೆಸುವುದು ಮೇಲಿನಿಂದ ಕೆಳಕ್ಕೆ. ತಾರಸಿ, ಗಾಜು, ಬಾನೆಟ್ಟು, ಬಾಗಿಲು, ಕೊನೆಗೆ ಗಾಲಿ. ಗಾಲಿಗೆ ಬಳಸಿದ ಬಟ್ಟೆ ಮತ್ತೆ ಮೈಗೆ ತಾಗಕೂಡದು. ಬ್ರೇಕಿನಿಂದ ಉದುರಿದ ಕಬ್ಬಿಣದ ಪುಡಿ ಅದರಲ್ಲಿರುತ್ತದೆ.

ಬಟ್ಟೆ ಒಗೆಯುವ ಸೋಪು, ಪಾತ್ರೆ ತಿಕ್ಕುವ ಪುಡಿ ಕಾರಿಗೆ ಸಲ್ಲವು. ಪಾತ್ರೆಯ ಜಿಡ್ಡು ಬಿಡಿಸಲೆಂದೇ ತಯಾರಾದ ವಸ್ತು ಕಾರಿನ ಮೇಣದ ಲೇಪವನ್ನೂ ಬಿಡಿಸಿಬಿಡುತ್ತದೆ. ಸೋಪಿನದು ಇನ್ನೊಂದು ತೊಂದರೆ. ಗಡಸುನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಅದು ನೊರೆಯ ಬದಲು ಬಿಳಿಯ ಗಸಿಯಾಗುತ್ತದೆ. ಕೋಲಾರದಂಥ ಒಣ ಜಿಲ್ಲೆಗಳ ಕೊಳವೆಬಾವಿ ನೀರು ಕಾರಿನ ಮೇಲೆ ತಾನಾಗಿ ಆರಿದರೆ ಉಳಿಯುವ ಬಿಳಿ ಬೊಟ್ಟುಗಳೂ ಬಹುಮಟ್ಟಿಗೆ ಕ್ಯಾಲ್ಸಿಯಂ ಕಾರ್ಬೊನೇಟೇ, ಅಂದರೆ ಬಚ್ಚಲಿನ ಹಂಡೆಗೆ ಕಟ್ಟುವ ಅದೇ ಸುಣ್ಣ. ವಿನಿಗರಿಗೆ ಅಷ್ಟೇ ನೀರು ಬೆರೆಸಿ ಹತ್ತಿಯಲ್ಲಿ ಅದ್ದಿ ಒತ್ತಿದರೆ ಅದು ಕರಗುತ್ತದೆ; ಕೂಡಲೇ ಒಳ್ಳೆಯ ನೀರಿನಿಂದ ತೊಳೆಯಬೇಕು. ಇದಕ್ಕಿಂತ ಸುಲಭದ ದಾರಿ, ತೊಳೆದೊಡನೆ ಮೈಕ್ರೋಫೈಬರ್ ಬಟ್ಟೆಯಿಂದ ನೀರನ್ನು ಹೀರಿಬಿಡುವುದು.

ಹಕ್ಕಿಯ ಹಿಕ್ಕೆಯನ್ನು ಮಾತ್ರ ಭಾನುವಾರದವರೆಗೆ ಬಿಡಕೂಡದು. ಅದರಲ್ಲಿರುವ ಯೂರಿಕ್ ಆಮ್ಲ ಬಿಸಿಲಿಗೆ ಕಾದ ಕ್ಲಿಯರ್ ಕೋಟನ್ನು ತಿನ್ನುತ್ತದೆ. ಒದ್ದೆ ಬಟ್ಟೆಯನ್ನು ಅದರ ಮೇಲೆ ಐದು ನಿಮಿಷ ಹಾಕಿ, ಮೆತ್ತಗಾದ ಮೇಲೆ ಎತ್ತಿ ತೆಗೆಯಬೇಕು, ಉಜ್ಜಬಾರದು. ಆಯುಧಪೂಜೆಯ ಅರಿಸಿನ ಕುಂಕುಮಕ್ಕೂ ಇದೇ ಮಾತು ಅನ್ವಯ. ಸಂಜೆಗೇ ತೊಳೆದುಬಿಟ್ಟರೆ ದೇವರೇನೂ ಮುನಿಯುವುದಿಲ್ಲ.

ನೀರಿನ ಲೆಕ್ಕ

2024ರ ಬೇಸಿಗೆಯನ್ನು ಬೆಂಗಳೂರಿಗರು ಮರೆತಿರಲಾರರು. ಕೊಳವೆಬಾವಿಗಳು ಬತ್ತಿ, ಟ್ಯಾಂಕರಿಗಾಗಿ ಜನ ಕಾದು ನಿಂತಿದ್ದ ಆ ಮಾರ್ಚಿಯಲ್ಲಿ ಬೆಂಗಳೂರು ಜಲಮಂಡಳಿ ವಾಹನ ತೊಳೆಯಲು ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿತು. ತಪ್ಪಿದವರಿಗೆ 5,000 ರೂಪಾಯಿ ದಂಡ. ಮತ್ತೆ ತಪ್ಪಿದರೆ ಅದರ ಮೇಲೆ ದಿನಕ್ಕೆ 500 ರೂಪಾಯಿ. ದಂಡ ಬರೀ ಕಾಗದದ ಮೇಲೆ ಉಳಿಯಲಿಲ್ಲ, ಹಲವು ಮನೆಗಳು ಅದನ್ನು ತೆತ್ತವು.

ಲೆಕ್ಕ ಹಾಕಿ ನೋಡಿದರೆ ಆ ಆಜ್ಞೆಯಲ್ಲಿ ಅತಿರೇಕವೇನೂ ಕಾಣದು. ನಿಮಿಷಕ್ಕೆ 10 ಲೀಟರ್ ಸುರಿಸುವ ಪೈಪನ್ನು 15 ನಿಮಿಷ ಬಿಟ್ಟರೆ 150 ಲೀಟರ್ ನೀರು ಚರಂಡಿಗೆ. ಅದೇ ಕಾರನ್ನು ಎರಡು ಬಕೆಟ್ಟಿನಲ್ಲಿ, ಅಂದರೆ 30 ಲೀಟರಿನೊಳಗೆ ಚೊಕ್ಕಟ ಮಾಡಬಹುದು. ಕಾರು ಅಷ್ಟೇನೂ ಕೊಳೆಯಾಗಿಲ್ಲದ ದಿನ ಸಿಂಪಡಿಸುವ ಬಾಟಲಿಯ ಶಾಂಪೂ ನೀರು, ನಾಲ್ಕಾರು ಮೆತ್ತನೆಯ ಬಟ್ಟೆ ಇದ್ದರೆ ಐದು ಲೀಟರೂ ಬೇಡ. ಅಕ್ಕಿ ತೊಳೆದ ನೀರನ್ನು ಗಿಡಕ್ಕೆ ಹಾಕುವ ಮನೆಯಲ್ಲಿ ಕಾರಿಗೆ ಮಳೆನೀರು ಹಿಡಿದಿಡುವುದು ಕಷ್ಟವಲ್ಲ. ತಾರಸಿಯಿಂದ ಇಳಿದ ಮಳೆನೀರಿನಲ್ಲಿ ಸುಣ್ಣದ ಅಂಶ ತೀರ ಕಡಿಮೆ, ಅದು ಬೊಟ್ಟು ಕಟ್ಟುವುದಿಲ್ಲ. ನೀರಿಗೂ ಉಳಿತಾಯ, ಬಣ್ಣಕ್ಕೂ ಕ್ಷೇಮ.

ಒಂದೊಂದು ಸೀಮೆಗೆ ಒಂದೊಂದು ಕೊಳೆ

ಕರಾವಳಿಯ ಕಾರಿಗೆ ಉಪ್ಪಿನ ಕಾಟ. ಕಬ್ಬಿಣ ತುಕ್ಕು ಹಿಡಿಯಲು ಗಾಳಿ ಮತ್ತು ನೀರು ಸಾಕು. ಆ ನೀರಿನಲ್ಲಿ ಉಪ್ಪು ಕರಗಿದ್ದರೆ ವಿದ್ಯುತ್ ಸುಲಭವಾಗಿ ಹರಿದು ತುಕ್ಕಿನ ಕೆಲಸ ಚುರುಕಾಗುತ್ತದೆ. ಮಲ್ಪೆ, ಕಾರವಾರದ ಕಡಲ ದಂಡೆಯಲ್ಲಿ ನಿಂತು ಬಂದ ಕಾರಿನ ತಳಭಾಗವನ್ನು ಸಿಹಿನೀರಿನಿಂದ ತೊಳೆಯಬೇಕೆನ್ನುವುದು ಇದಕ್ಕೇ. ಮಂಗಳೂರಿನ ಕಡೆ ವರ್ಷಕ್ಕೆ 3,500 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಅಲ್ಲಿನ ಅನುಭವಸ್ಥರು ಬಾಗಿಲಿನ ಕೆಳಅಂಚಿನ ಪುಟ್ಟ ರಂಧ್ರಗಳನ್ನು ಕಡ್ಡಿಯಿಂದ ಬಿಡಿಸುವುದನ್ನು ಮರೆಯುವುದಿಲ್ಲ. ಗಾಜಿನ ಪಕ್ಕದಿಂದ ಒಳಗಿಳಿದ ನೀರು ಹೊರಹೋಗಲು ಇರುವ ದಾರಿ ಅದೇ. ಅದು ಕಟ್ಟಿಕೊಂಡರೆ ಬಾಗಿಲು ಒಳಗಿನಿಂದಲೇ ಕೊಳೆಯುತ್ತದೆ. ಹೊರಗೆ ಬಣ್ಣ ಗುಳ್ಳೆ ಎದ್ದಾಗ ಗೊತ್ತಾದರೆ ಆಮೇಲೆ ಟಿಂಕರಿಂಗೇ ಗತಿ.

ಮಲೆನಾಡಿನಲ್ಲಿ ಎಲೆಗಳದ್ದು ಸಮಸ್ಯೆ. ಮುಂಗಾಜಿನ ಬುಡದ ಜಾಲರಿಯಲ್ಲಿ ಎಲೆ ತುಂಬಿ ಕೊಳೆತರೆ ಮಳೆನೀರು ದಾರಿ ತಪ್ಪಿ ಕಾರಿನೊಳಗೆ ಇಳಿಯುತ್ತದೆ. ಇಲಿಗಳ ಉಪಟಳ ಬೇರೆ. ರಾತ್ರಿ ಬೆಚ್ಚಗಿನ ಎಂಜಿನ್ನಿನ ಬಳಿ ಬಿಡಾರ ಹೂಡುವ ಇಲಿ ವೈರುಗಳನ್ನು ಕಡಿದುಹಾಕುತ್ತದೆ. ಬಾನೆಟ್ಟಿನೊಳಗೆ ಹೊಗೆಸೊಪ್ಪಿನ ಎಲೆ ಕಟ್ಟುವ ಹಳ್ಳಿಯ ಉಪಾಯವನ್ನು ಪೇಟೆಯವರೂ ಮಾಡುತ್ತಾರೆ. ಅದಕ್ಕಿಂತ ಮುಖ್ಯ, ಕಾರಿನಲ್ಲಿ ತಿಂಡಿಯ ಚೂರು ಉಳಿಸದಿರುವುದು ಮತ್ತು ವಾರಕ್ಕೊಮ್ಮೆ ಬಾನೆಟ್ ಎತ್ತಿ ನೋಡುವುದು. ಚಳಿಗಾಲದ ಬೆಳಿಗ್ಗೆ ಬಾನೆಟ್ಟನ್ನು ಎರಡು ಸಲ ತಟ್ಟಿ ಸ್ಟಾರ್ಟ್ ಮಾಡಿದರೆ, ಒಳಗೆ ಮಲಗಿದ ಬೆಕ್ಕಿನ ಮರಿಯ ಪ್ರಾಣವೂ ಉಳಿದೀತು.

ಬಯಲುಸೀಮೆಯ ಎರೆಮಣ್ಣು ಇನ್ನೊಂದು ಬಗೆ. ಮಳೆಗಾಲದಲ್ಲಿ ಅದು ಮಡ್‌ಗಾರ್ಡಿನ ಒಳಗೆ ಹಿಟ್ಟಿನಂತೆ ಮೆತ್ತಿಕೊಳ್ಳುತ್ತದೆ, ಒಣಗಿದರೆ ಇಟ್ಟಿಗೆಯಾಗುತ್ತದೆ. ತೇವ ಹಿಡಿದಿಟ್ಟುಕೊಂಡು ತಗಡನ್ನು ತಿನ್ನುತ್ತದೆ. ಹೊರಗಿನ ಹೊಳಪಿಗೆ ಒಂದು ಗಂಟೆ ಕೊಡುವವರು ಗಾಲಿಯ ಗೂಡಿಗೆ ಹತ್ತು ನಿಮಿಷ ಕೊಡುವುದಿಲ್ಲ. ಮೇಲೆ ಥಳುಕು, ಒಳಗೆ ಹುಳುಕು ಎನ್ನುವುದು ಇಂಥದಕ್ಕೇ!

ಬಾನೆಟ್ಟಿನ ಕೆಳಗಿನ ಪಾಠಗಳು

ಎಂಜಿನ್ ಆಯಿಲ್ ನೋಡುವುದಕ್ಕೆ ಯಾವ ಕಂಪ್ಯೂಟರೂ ಬೇಡ. ಕಾರು ಸಮನೆಲದ ಮೇಲಿರಲಿ, ಎಂಜಿನ್ ಆರಿಸಿ ಕೆಲವು ನಿಮಿಷ ಕಳೆಯಲಿ. ಡಿಪ್‌ಸ್ಟಿಕ್ ಎಳೆದು, ಒರೆಸಿ, ಮತ್ತೆ ಅದ್ದಿ ತೆಗೆದರೆ ಎಣ್ಣೆಯ ಗೆರೆ ಎರಡು ಗುರುತುಗಳ ನಡುವೆ ಇರಬೇಕು. ಕಡಿಮೆಯಾದರೆ ಹೇಗೆ ಕೇಡೋ ಹೆಚ್ಚಾದರೂ ಕೇಡೇ. ಡೀಸೆಲ್ ಕಾರಿನ ಎಣ್ಣೆ ಬೇಗ ಕಪ್ಪಾಗುವುದು ಸಹಜ. ಆದರೆ ಹಾಲು ಹಾಕಿದ ಕಾಫಿಯ ಬಣ್ಣ ಕಂಡರೆ ಎಣ್ಣೆಗೆ ನೀರು ಬೆರೆತಿದೆ ಎಂದರ್ಥ. ಕಾರನ್ನು ಓಡಿಸದೆ ಮೆಕ್ಯಾನಿಕ್‌ನನ್ನು ಕರೆಯಬೇಕು.

ರೇಡಿಯೇಟರಿನದು ಕುಕ್ಕರಿನ ತತ್ವ. ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕುದಿಯುತ್ತದೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97 ಡಿಗ್ರಿಗೇ ಕುದಿಯುತ್ತದೆ. ಓಡುವ ಎಂಜಿನ್ನಿನ ಶಾಖಕ್ಕೆ ಇದು ಸಾಲದು. ಹಾಗಾಗಿ ರೇಡಿಯೇಟರಿನ ಮುಚ್ಚಳ ಕುಕ್ಕರಿನ ವೆಯ್ಟಿನಂತೆ ಒಳಗೆ ಒತ್ತಡ ಕಟ್ಟಿ, ಕುದಿಯುವ ಬಿಂದುವನ್ನು ಮೇಲಕ್ಕೆ ಏರಿಸುತ್ತದೆ. ನೀರಿಗೆ ಬೆರೆಸಿದ ಗ್ಲೈಕಾಲ್ ಎಂಬ ಕೂಲಂಟ್ ಅದನ್ನು ಇನ್ನಷ್ಟು ಏರಿಸಿ, ಜೊತೆಗೆ ತುಕ್ಕನ್ನೂ ತಡೆಯುತ್ತದೆ. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ತಿರುಗಿಸುವುದು, ಕೂಗುತ್ತಿರುವ ಕುಕ್ಕರಿನ ಮುಚ್ಚಳ ತೆಗೆಯುವುದು ಎರಡೂ ಒಂದೇ. ಮುಖ ಕೈ ಸುಟ್ಟುಕೊಂಡವರು ಬಹಳ ಮಂದಿ. ಕೂಲಂಟ್ ಬದಲು ಕೊಳವೆಬಾವಿ ನೀರು ತುಂಬಿದರೆ ಬಚ್ಚಲ ಹಂಡೆಯ ಸುಣ್ಣ ಎಂಜಿನ್ನಿನ ನರನಾಡಿಗಳಲ್ಲಿ ಕಟ್ಟಿಕೊಳ್ಳುತ್ತದೆ. ಇನ್ನೊಂದು ಎಚ್ಚರಿಕೆ: ಗ್ಲೈಕಾಲ್ ಸಿಹಿಯಾದ ವಿಷ. ನೆಲಕ್ಕೆ ಚೆಲ್ಲಿದ್ದನ್ನು ನಾಯಿಯೋ ಬೆಕ್ಕೋ ನೆಕ್ಕಿದರೆ ಉಳಿಯುವುದು ಕಷ್ಟ. ಮಕ್ಕಳ ಕೈಗೂ ಅದು ಸಿಗಬಾರದು.

ಬ್ಯಾಟರಿಯ ತುದಿಗಳಲ್ಲಿ ಬೂಷ್ಟಿನಂತೆ ಬೆಳೆಯುವ ಬಿಳಿ ಅಥವಾ ಹಸಿರು ಪುಡಿ ಆಮ್ಲದ ಕೂಸು. ಅಡುಗೆ ಸೋಡಾ ಕದಡಿದ ನೀರು ಹಾಕಿದರೆ ಬುಸುಬುಸು ನೊರೆ ಎದ್ದು ಅದು ಕರಗುತ್ತದೆ. ಹೈಸ್ಕೂಲಿನ ಆಮ್ಲ-ಪ್ರತ್ಯಾಮ್ಲ ಪಾಠ ಇದೇ. ತೊಳೆದು, ಒಣಗಿಸಿ, ಪೆಟ್ರೋಲಿಯಂ ಜೆಲ್ಲಿ ಸವರಿದರೆ ಬಹಳ ದಿನ ಬರುವುದಿಲ್ಲ. ವೈರು ಬಿಚ್ಚುವಾಗ ಮೊದಲು ಋಣ ತುದಿ, ಜೋಡಿಸುವಾಗ ಕೊನೆಗೆ ಋಣ ತುದಿ. ಇಲ್ಲವಾದರೆ ಪಾನಾ ಕಾರಿನ ಮೈಗೆ ತಗುಲಿದಾಗ ಕಿಡಿ ಹಾರುತ್ತದೆ. ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುವುದರಿಂದ ಹತ್ತಿರ ಬೀಡಿ, ಬೆಂಕಿಕಡ್ಡಿ ಸಲ್ಲವು. ಒಂದು ಸಾಧಾರಣ ಮಲ್ಟಿಮೀಟರ್ ಇದ್ದರೆ ಬ್ಯಾಟರಿಯ ಆರೋಗ್ಯ ತಿಳಿಯಬಹುದು. ರಾತ್ರಿಯೆಲ್ಲ ನಿಂತ ಕಾರಿನಲ್ಲಿ 12.6 ವೋಲ್ಟ್ ಬಂದರೆ ಪೂರ್ಣ ಚಾರ್ಜ್, 12.2 ಬಂದರೆ ಸುಮಾರು ಅರ್ಧ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.4ರ ನಡುವೆ ಇರಬೇಕು.

ಇವೆಲ್ಲಕ್ಕಿಂತ ಮಿಗಿಲಾದದ್ದು, ಎಲ್ಲರೂ ಮರೆಯುವುದು ಬ್ರೇಕ್ ಆಯಿಲ್. ಬಾಯಲ್ಲಿ ಆಯಿಲ್ ಎಂದರೂ ಅದು ಎಣ್ಣೆಯಲ್ಲ, ಗಾಳಿಯ ತೇವವನ್ನು ಹೀರುವ ಗುಣದ ದ್ರವ. ಮಳೆಗಾಲದಲ್ಲಿ ಡಬ್ಬದ ಉಪ್ಪು ನೀರೊಡೆಯುವಂತೆ ಇದೂ ವರ್ಷಗಳುದ್ದಕ್ಕೂ ನಿಧಾನವಾಗಿ ನೀರು ಕುಡಿಯುತ್ತದೆ. ಡಾಟ್ 3 ದರ್ಜೆಯ ಹೊಸ ದ್ರವ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಕೂಡದು ಎಂಬುದು ಮಾನದಂಡ. ತೇವ ಹೀರಿದ ಮೇಲೆ ಆ ಮಿತಿ 140 ಡಿಗ್ರಿ. ಡಾಟ್ 4ಕ್ಕೆ ಇವೇ ಅಂಕಿಗಳು 230 ಮತ್ತು 155. ಈಗ ಚಾರ್ಮಾಡಿಯನ್ನೋ ಆಗುಂಬೆಯನ್ನೋ ಇಳಿಯುವ ಕಾರನ್ನು ನೆನೆಯಿರಿ. ತಿರುವು ತಿರುವಿಗೂ ಬ್ರೇಕ್ ಒತ್ತಿ ಒತ್ತಿ ಚಕ್ರದ ಬಳಿ ಶಾಖ ಏರುತ್ತದೆ. ಹಳೆಯ ದ್ರವದೊಳಗಿನ ನೀರು ಆವಿಯಾಗುತ್ತದೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿಯನ್ನು ಕುಗ್ಗಿಸಬಹುದು. ಚಾಲಕ ಒತ್ತಿದ ಪೆಡಲ್ ಹತ್ತಿಯಂತೆ ಕೆಳಗಿಳಿಯುತ್ತದೆ, ಕಾರು ನಿಲ್ಲುವುದಿಲ್ಲ! ಬ್ರೇಕ್ ಆಯಿಲನ್ನು ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕೆನ್ನುವುದು ಗ್ಯಾರೇಜಿನವರ ದುರಾಸೆಯಲ್ಲ, ರಸಾಯನಶಾಸ್ತ್ರದ ಎಚ್ಚರಿಕೆ. ಜೊತೆಗೆ, ಯಾವ ಗೇರಿನಲ್ಲಿ ಘಾಟಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ ಎಂಬ ಹಳೆಯ ಲಾರಿ ಚಾಲಕರ ಮಾತು ಇಂದಿಗೂ ಬಂಗಾರವೇ.

ನೆಲಕ್ಕೆ ತಾಗುವ ನಾಲ್ಕು ಅಂಗೈಗಳು

ಇಡೀ ಕಾರು ನೆಲವನ್ನು ಮುಟ್ಟುವುದು ನಾಲ್ಕೇ ಕಡೆ, ಒಂದೊಂದೂ ಹೆಚ್ಚುಕಡಿಮೆ ಅಂಗೈಯಗಲ. ಸಾವಿರ ಕಿಲೋ ತೂಕದ ಕಾರನ್ನು ತಿರುಗಿಸುವುದು, ನಿಲ್ಲಿಸುವುದು ಎಲ್ಲ ಈ ನಾಲ್ಕು ಅಂಗೈಗಳ ಹಿಡಿತದಿಂದ. ಎಷ್ಟು ಗಾಳಿ ಇರಬೇಕೆಂಬುದು ಸಾಮಾನ್ಯವಾಗಿ ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿರುತ್ತದೆ. ಅದು ತಣ್ಣಗಿರುವ ಟೈರಿನ ಲೆಕ್ಕ. ಟೈರಿನ ಉಷ್ಣತೆ 10 ಡಿಗ್ರಿ ಏರಿದರೆ ಒತ್ತಡ ಒಂದು, ಒಂದೂವರೆ ಪಿಎಸ್‌ಐ ಏರುತ್ತದೆ. ಮಧ್ಯಾಹ್ನದ ಹೆದ್ದಾರಿಯಲ್ಲಿ ಹೆಚ್ಚಾಗಿ ಕಂಡಿತೆಂದು ಗಾಳಿ ಬಿಟ್ಟರೆ ಮರುದಿನ ಬೆಳಿಗ್ಗೆ ಕಡಿಮೆಯಾಗಿರುತ್ತದೆ. ಗಾಳಿ ಕಡಿಮೆಯಿದ್ದ ಟೈರಿನ ಪಕ್ಕೆ ಮಡಚಿ ಮಡಚಿ ಬಿಸಿಯೇರಿ ವೇಗದಲ್ಲಿ ಸಿಡಿಯುವ ಅಪಾಯವಿದೆ. ನೈಟ್ರೋಜನ್ ತುಂಬಿಸಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರು, ನಾವು ಉಸಿರಾಡುವ ಗಾಳಿಯಲ್ಲೇ ಶೇಕಡಾ 78ರಷ್ಟು ನೈಟ್ರೋಜನ್ ಇದೆ ಎಂಬುದನ್ನು ಮರೆಯಬಾರದು. ಯಾವ ಅನಿಲ ಎನ್ನುವುದಕ್ಕಿಂತ ಎಷ್ಟು ಒತ್ತಡ ಎನ್ನುವುದು ಮುಖ್ಯ.

ಟೈರಿನ ಪಕ್ಕೆಯ ಮೇಲೆ ನಾಲ್ಕು ಅಂಕಿಗಳಿರುತ್ತವೆ. 2321 ಎಂದಿದ್ದರೆ 2021ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು ಎಂದರ್ಥ. ಕಚ್ಚು ಚೆನ್ನಾಗಿದ್ದರೂ ರಬ್ಬರು ಮುದಿಯಾಗಿ ಬಿರಿಯುತ್ತದೆ ಎಂಬುದಕ್ಕೆ ಈ ಜಾತಕ ಬೇಕು. ಕಚ್ಚಿನ ಆಳ 1.6 ಮಿಲಿಮೀಟರಿಗಿಂತ ಕೆಳಗಿಳಿದರೆ ಕಾನೂನಿನ ಪ್ರಕಾರವೂ ಆ ಟೈರು ರಸ್ತೆಗೆ ಅನರ್ಹ. ಕಚ್ಚುಗಳ ತಳದಲ್ಲಿರುವ ಅಡ್ಡ ಉಬ್ಬುಗಳ ಮಟ್ಟಕ್ಕೆ ಮೇಲ್ಮೈ ಸವೆದಿದ್ದರೆ ಕಾಲ ಮುಗಿಯಿತು. ಮಳೆಯಲ್ಲಿ ನೀರನ್ನು ಪಕ್ಕಕ್ಕೆ ತಳ್ಳುವುದು ಈ ಕಚ್ಚುಗಳೇ. ಅವಿಲ್ಲದಿದ್ದರೆ ಕಾರು ನೀರಿನ ಪದರದ ಮೇಲೆ ತೇಲಿ ಜಾರುತ್ತದೆ. ಡಿಕ್ಕಿಯಲ್ಲಿ ಮಲಗಿರುವ ಸ್ಟೆಪ್ನಿಗೂ ತಿಂಗಳಿಗೊಮ್ಮೆ ಗಾಳಿ ನೋಡದಿದ್ದರೆ ನಡುರಾತ್ರಿ ಪಂಕ್ಚರ್ ಆದಾಗ ಅದು ಕೈಕೊಡುತ್ತದೆ.

ಅಲಂಕಾರವೋ, ಅಪಾಯವೋ?

ಕಾರುಪ್ರಿಯರ ಇನ್ನೊಂದು ಗೀಳು ಹೊಸ ಹೊಸ ಸಾಮಾನು ಜೋಡಿಸುವುದು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳ ಮುಂದೆ ನಿಂತರೆ ಜೇಬು ಹಗುರಾಗುವುದಕ್ಕೆ ಹೊತ್ತು ಬೇಡ. ಆದರೆ ಕಾರು ಹತ್ತಾರು ಲೆಕ್ಕಗಳ ಮೇಲೆ ನಿಂತ ಯಂತ್ರ. ಒಂದನ್ನು ಬದಲಿಸಿದರೆ ಇನ್ನೊಂದು ಅಲುಗುತ್ತದೆ.

ಹೆಡ್‌ಲೈಟನ್ನೇ ತೆಗೆದುಕೊಳ್ಳಿ. ಹಲವು ಕಾರುಗಳಲ್ಲಿ ಕಂಪನಿ ಹಾಕುವುದು 60/55 ವ್ಯಾಟಿನ ಎಚ್4 ಬಲ್ಬು. ಬೆಳಕು ಸಾಲದೆಂದು 100/90 ವ್ಯಾಟಿನದನ್ನು ಹಾಕಿಸುತ್ತಾರೆ. 12 ವೋಲ್ಟಿನಲ್ಲಿ 60 ವ್ಯಾಟಿನ ಎರಡು ಬಲ್ಬಿಗೆ 10 ಆಂಪಿಯರ್ ಬೇಕು. 100 ವ್ಯಾಟಿನ ಎರಡಕ್ಕೆ ಸುಮಾರು 16.7. ವೈರಿನಲ್ಲಿ ಹುಟ್ಟುವ ಶಾಖ ವಿದ್ಯುತ್ತಿನ ವರ್ಗದಷ್ಟು ಏರುವುದರಿಂದ ಅದು ಸುಮಾರು 1.7 ಪಟ್ಟಲ್ಲ, ಹೆಚ್ಚುಕಡಿಮೆ 2.8 ಪಟ್ಟಾಗುತ್ತದೆ! ವೈರಿನ ಹೊದಿಕೆ ಮೆತ್ತಗಾಗುತ್ತದೆ, ಸ್ವಿಚ್ಚು ಕರಗುತ್ತದೆ. ಫ್ಯೂಸು ಹೋಯಿತೆಂದು ಕೆಂಪು ಬಣ್ಣದ 10 ಆಂಪಿಯರ್ ಜಾಗಕ್ಕೆ ಹಳದಿಯ 20 ಆಂಪಿಯರ್ ಫ್ಯೂಸನ್ನೋ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದವನ್ನೋ ತುರುಕಿದರೆ ಕಾವಲುಗಾರನ ಕಣ್ಣು ಕಟ್ಟಿದಂತೆ. ಕಾರಿಗೆ ಬೆಂಕಿ ಬೀಳುವ ದಾರಿಗಳಲ್ಲಿ ಇದೂ ಒಂದು. ಎದುರಿನಿಂದ ಬರುವ ಬೈಕ್ ಸವಾರನ ಕಣ್ಣು ಕುಕ್ಕುವುದು ಬೇರೆಯೇ ಪಾಪ. ಬೆಳಕು ನಿಜವಾಗಿ ಕಡಿಮೆ ಎನ್ನಿಸಿದರೆ ಮೊದಲು ಮಾಡಬೇಕಾದ್ದು ಮಸುಕಾದ ಹೆಡ್‌ಲೈಟ್ ಗಾಜನ್ನು ಪಾಲಿಶ್ ಮಾಡಿಸುವುದು, ಬೆಳಕು ಸರಿಯಾದ ಎತ್ತರಕ್ಕೆ ಬೀಳುವಂತೆ ತಿರುಪು ಹೊಂದಿಸುವುದು. ಬಹಳಷ್ಟು ಕಾರುಗಳಿಗೆ ಅಷ್ಟೇ ಸಾಕು.

ದೊಡ್ಡ ಟೈರು ಹಾಕಿಸುವವರಿಗೂ ಒಂದು ಲೆಕ್ಕವಿದೆ. ಟೈರಿನ ವ್ಯಾಸ ಶೇಕಡಾ 3 ಹೆಚ್ಚಾದರೆ ಮುಳ್ಳು ತೋರುವ ವೇಗಕ್ಕಿಂತ ಕಾರು ಶೇಕಡಾ 3 ಹೆಚ್ಚು ಓಡುತ್ತಿರುತ್ತದೆ. ಮುಂದಿನ ಬಂಪರಿಗೆ ಕಬ್ಬಿಣದ ಗಾರ್ಡ್ ಕಟ್ಟಿದರೆ ಡಿಕ್ಕಿಯ ಪೆಟ್ಟು ಕಾರಿನ ಚೌಕಟ್ಟಿಗೆ ನೇರ ಸಾಗಿ, ಏರ್‌ಬ್ಯಾಗ್ ಅರಳುವ ಲೆಕ್ಕವೇ ತಪ್ಪಬಹುದು. ಪಾದಚಾರಿಗಂತೂ ಅದು ಗದೆ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಇವುಗಳ ವಿರುದ್ಧ ಕ್ರಮಕ್ಕೆ ರಾಜ್ಯಗಳಿಗೆ ಬರೆಯಿತು. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇರುವ ಕಾರಿಗೆ ಬಿಗಿಯಾದ ಸೀಟ್ ಕವರ್ ಹೊಲಿಸಿದರೆ, ಆಪತ್ತಿನಲ್ಲಿ ಹೊರಬರಬೇಕಾದ ಚೀಲ ಒಳಗೇ ಸಿಕ್ಕಿಕೊಂಡೀತು. ಗಾಜಿನ ವಿಷಯದಲ್ಲಿ, ಮುಂದಿನ ಮತ್ತು ಹಿಂದಿನ ಗಾಜಿನ ಮೂಲಕ ಶೇಕಡಾ 70ರಷ್ಟು, ಪಕ್ಕದ ಗಾಜಿನ ಮೂಲಕ ಶೇಕಡಾ 50ರಷ್ಟು ಬೆಳಕು ಹಾಯಲೇಬೇಕು. ಕಂಪನಿಯ ಮೂಲ ನಮೂನೆಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ ಆಧರಿಸಿ ಹೇಳಿದೆ.

ಹಾಗಾದರೆ ಏನನ್ನೂ ಬದಲಿಸಬಾರದೇ? ಬದಲಿಸಬಹುದು. ಒಳ್ಳೆಯ ಹೊಸ ಟೈರು, ಹೊಸ ವೈಪರ್ ರಬ್ಬರು, ಕಂಪನಿ ಹೇಳಿದ ದರ್ಜೆಯ ಬ್ರೇಕ್ ಪ್ಯಾಡ್, ಟೈರಿಗೆ ಗಾಳಿ ತುಂಬುವ ಪುಟ್ಟ ಪಂಪು, ಬೆಂಕಿ ಆರಿಸುವ ಸಿಲಿಂಡರ್, ಮಗುವಿನ ಸೀಟು, ಇವೂ ಅಪ್‌ಗ್ರೇಡುಗಳೇ. ನೆರೆಮನೆಯವರ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ.

ಮುದಿ ಕಾರಿನ ಮರ್ಯಾದೆ

ಖಾಸಗಿ ಕಾರಿಗೆ 15 ವರ್ಷ ತುಂಬಿದರೆ ಎಫ್‌ಸಿ ಮಾಡಿಸಿ ನೋಂದಣಿ ನವೀಕರಿಸಬೇಕು. ಆಮೇಲೆ ಐದೈದು ವರ್ಷಕ್ಕೊಮ್ಮೆ. ಆ ಪರೀಕ್ಷೆಯಲ್ಲಿ ತಳದ ತುಕ್ಕು, ಬ್ರೇಕು, ದೀಪ, ಹೊಗೆ ಎಲ್ಲವೂ ಸಾಕ್ಷಿ ಹೇಳುತ್ತವೆ. ವಾರವಾರ ಒರೆಸಿದವನ ಕಾರು ಆ ದಿನ ತಲೆ ಎತ್ತಿ ನಿಲ್ಲುತ್ತದೆ. 50 ವರ್ಷ ದಾಟಿ, ಮೂಲರೂಪ ಉಳಿಸಿಕೊಂಡ ಕಾರುಗಳನ್ನು ವಿಂಟೇಜ್ ಎಂದು ಬೇರೆಯಾಗಿ ನೋಂದಾಯಿಸಲು 2021ರಿಂದ ನಿಯಮವೇ ಬಂದಿದೆ. ಧರ್ಮಸ್ಥಳದ ಕಾರು ಸಂಗ್ರಹಾಲಯದಲ್ಲಿ ಮಿರುಗುವ ಹಳೆಯ ವಾಹನಗಳನ್ನು ಕಂಡವರಿಗೆ, ಆರೈಕೆಯಿದ್ದರೆ ಲೋಹಕ್ಕೂ ದೀರ್ಘಾಯುಷ್ಯ ಉಂಟೆಂದು ಯಾರೂ ಹೇಳಬೇಕಾಗಿಲ್ಲ.

ಹಳೆಯ ಕಾರುಗಳಿಗೆ ಈಗ ಒಂದು ಹೊಸ ಪರೀಕ್ಷೆ. ಪೆಟ್ರೋಲಿಗೆ ಶೇಕಡಾ 20ರಷ್ಟು ಎಥನಾಲ್ ಬೆರೆಸುವ ಗುರಿಯನ್ನು ದೇಶ 2025ರಲ್ಲಿ ಮುಟ್ಟಿತು. ಎಥನಾಲ್ ಕೂಡ ಬ್ರೇಕ್ ಆಯಿಲಿನಂತೆ ತೇವ ಹೀರುವ ಗುಣದ್ದು. ಈ ಮಿಶ್ರಣಕ್ಕೆಂದು ತಯಾರಾಗದ ಹಳೆಯ ರಬ್ಬರ್ ಕೊಳವೆಗಳು, ವಾಷರುಗಳು ಅದರಿಂದ ಉಬ್ಬಬಹುದು, ಬಿರಿಯಬಹುದು. ತಿಂಗಳುಗಟ್ಟಲೆ ನಿಲ್ಲಿಸುವ ಹಳೆಯ ಕಾರಿನ ಪೆಟ್ರೋಲ್ ಕೊಳವೆಗಳನ್ನು ಬೆರಳಿನಿಂದ ಹಿಚುಕಿ ನೋಡುವುದು, ಪೆಟ್ರೋಲ್ ವಾಸನೆ ಬಂದರೆ ಅಸಡ್ಡೆ ಮಾಡದಿರುವುದು ಇನ್ನು ಮುಂದೆ ವಾರದ ಒರೆಸುವಿಕೆಯ ಭಾಗವಾಗಬೇಕು.

ಕಾರಿನ ಗೂಡಿನಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಳ್ಳುವ ಅಭ್ಯಾಸ ಅನೇಕ ಕಾರುಪ್ರಿಯರಲ್ಲಿದೆ. ಎಂದು ಆಯಿಲ್ ಬದಲಾಯಿತು, ಎಷ್ಟು ಕಿಲೋಮೀಟರಿಗೆ ಟೈರು ಬಂತು, ಬ್ರೇಕ್ ಆಯಿಲ್ ಹಾಕಿಸಿದ್ದು ಯಾವ ತಿಂಗಳು, ಲೀಟರಿಗೆ ಎಷ್ಟು ಕಿಲೋಮೀಟರ್ ಸಿಗುತ್ತಿದೆ ಎಂಬುದೆಲ್ಲ ಅದರಲ್ಲಿರುತ್ತದೆ. ಮೈಲೇಜ್ ಒಮ್ಮೆಲೇ ಇಳಿದರೆ ಏನೋ ಕೆಟ್ಟಿದೆ ಎಂದು ಮೊದಲು ಹೇಳುವುದು ಆ ಪುಸ್ತಕವೇ. ಕಾರು ಮಾರುವ ದಿನ ಅದಕ್ಕೆ ಹೊಳಪಿಗಿಂತ ಹೆಚ್ಚು ಬೆಲೆ. ಇದಕ್ಕೆಲ್ಲ ಬೇಕಾಗುವುದು ವಾರಕ್ಕೊಂದು ಗಂಟೆ, ಎರಡು ಬಕೆಟ್ ನೀರು, ಒಂದಷ್ಟು ಹಳೆಯ ಬನಿಯನ್ ತುಂಡು. ಘಾಟಿಯ ತಿರುವಿನಲ್ಲಿ, ಸುರಿವ ಮಳೆಯಲ್ಲಿ, ಹಿಂದಿನ ಸೀಟಿನಲ್ಲಿ ಮಕ್ಕಳು ನಿದ್ದೆ ಹೋಗಿರುವಾಗ ಬ್ರೇಕು ಒತ್ತಿದ ಕೂಡಲೇ ಕಾರು ನಿಂತರೆ, ಆ ಗಂಟೆಗಳ ಲೆಕ್ಕ ಚುಕ್ತಾ.